ಇಸಿಜಿ ನಾರ್ಮಲ್ ಬಂದರೆ ಸಾಲದು: ಕಾಲೇಜು ವಯಸ್ಸಿನಲ್ಲಿ ಹೃದಯದ ಲೆಕ್ಕ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಮೇಲಿಂದ ಮೇಲೆ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಿಗೆ ಜನ ತಪಾಸಣೆಗೆಂದು ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಆಮೇಲೆ ವರದಿ ಕೊಟ್ಟಿತು. ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣುವುದಿಲ್ಲ ಎಂದಿತು. ಲಸಿಕೆಯ ಪ್ರಶ್ನೆ ಇವತ್ತೂ ಬಂದೇ ಬರುತ್ತದೆಂದು ಮೊದಲೇ ಹೇಳಿಬಿಟ್ಟೆ. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಬೇರೆ ಮಾತು. ಅಂಥ ಸುದ್ದಿ ಬಂದಾಗಲೆಲ್ಲ ಹುಡುಗರು ಒಂದು ಇಸಿಜಿ ತೆಗೆಸಿಕೊಂಡು, "ನಾರ್ಮಲ್ ಬಂತು" ಎಂದು ನಿರಾಳವಾಗಿ ಮನೆಗೆ ಹೋಗುತ್ತಾರೆ.

ಇಸಿಜಿ ಹೇಳುವುದು ಆ ಹತ್ತು ಸೆಕೆಂಡಿನಲ್ಲಿ ಹೃದಯದೊಳಗೆ ವಿದ್ಯುತ್ತು ಹೇಗೆ ಹರಿಯಿತು ಎಂಬುದನ್ನು. ಎದೆನೋವು ಬಂದಾಗ ಅದಕ್ಕಿಂತ ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ. ಆದರೆ ಆರಾಮಾಗಿರುವ ಇಪ್ಪತ್ತರ ಹುಡುಗನ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುತ್ತಿದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆಯೂ ಅಷ್ಟೇ. ನಾಳ ಗಣನೀಯವಾಗಿ ಕಿರಿದಾದ ಮೇಲಷ್ಟೇ ಅದರಲ್ಲಿ ಏರುಪೇರು ಕಾಣುತ್ತದೆ. ಎಳೆಯ ವಯಸ್ಸಿನ ಎಷ್ಟೋ ಹೃದಯಾಘಾತಗಳಲ್ಲಿ ನಾಳ ಅರ್ಧವೂ ಮುಚ್ಚಿರುವುದಿಲ್ಲ. ಗೋಡೆಯಲ್ಲಿದ್ದ ಸಣ್ಣ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಾಳ ಒಮ್ಮೆಲೇ ಮುಚ್ಚಿಹೋಗುತ್ತದೆ. ಹಿಂದಿನ ವಾರ ಟ್ರೆಡ್‌ಮಿಲ್‌ನಲ್ಲಿ ಪಾಸಾದವರಿಗೂ ಹೀಗಾಗಬಹುದು.

ಹಾಗಾದರೆ ಹದಿನೆಂಟರಿಂದ ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಏನನ್ನು ನೋಡಬೇಕು? ಈ ವಯಸ್ಸಿನಲ್ಲಿ ರೋಗವನ್ನು ಹುಡುಕಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಅಪಾಯವನ್ನು ಹುಡುಕಿದರೆ ಸಿಗುತ್ತದೆ, ಅದೂ ತೀರಾ ಕಡಿಮೆ ಖರ್ಚಿನಲ್ಲಿ.

ಇದು ಎಷ್ಟು ಬೇಗ ಶುರುವಾಗುತ್ತದೆ ಎಂಬುದಕ್ಕೆ ಹಳೆಯ ಪುರಾವೆಯೊಂದಿದೆ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಮರಣೋತ್ತರ ಪರೀಕ್ಷೆಯಲ್ಲಿ ಬಿಡಿಸಿ ನೋಡಿದ ವೈದ್ಯರು 1953ರಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ಸತ್ತವರ ಸರಾಸರಿ ವಯಸ್ಸು 22. ಸೈನ್ಯಕ್ಕೆ ಆಯ್ಕೆಯಾದ ಗಟ್ಟಿಮುಟ್ಟಾದ ಹುಡುಗರು. ಅವರಲ್ಲಿ ನೂರಕ್ಕೆ 77 ಜನರ ಹೃದಯದ ನಾಳಗಳಲ್ಲಿ ಬರಿಗಣ್ಣಿಗೇ ಕಾಣುವ ಬದಲಾವಣೆಗಳಿದ್ದವು. ಹಾಗಾಗಿ ಐವತ್ತರಲ್ಲಿ ಬರುವ ಕಾಯಿಲೆ ಐವತ್ತರಲ್ಲೇ ಹುಟ್ಟುವುದಲ್ಲ.

ಇದರ ಇನ್ನೊಂದು ಮುಖವನ್ನೂ ಕೇಳಿ. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಸತ್ತ ಅಮೆರಿಕನ್ ಸೈನಿಕರ ಮೇಲೆ ಇಂಥದೇ ಅಧ್ಯಯನ ನಡೆದು 2012ರಲ್ಲಿ ಪ್ರಕಟವಾಯಿತು. ಅಲ್ಲಿ ಅದೇ ಸಂಖ್ಯೆ ನೂರಕ್ಕೆ 8.5. ಎರಡೂ ಅಧ್ಯಯನಗಳ ವಿಧಾನ ಒಂದೇ ಅಲ್ಲ, ಅಂಕಿಗೆ ಅಂಕಿ ಇಟ್ಟು ಹೋಲಿಸುವುದು ಸರಿಯಲ್ಲ. ಆದರೂ ನಡುವಿನ ಅರವತ್ತು ವರ್ಷಗಳಲ್ಲಿ ಆ ದೇಶದಲ್ಲಿ ಸಿಗರೇಟು ಸೇದುವವರು ಕಡಿಮೆಯಾದರು, ಬಿಪಿ ಮತ್ತು ಕೊಲೆಸ್ಟರಾಲ್ ಇಳಿದವು. ರಕ್ತನಾಳ ಕೆಡುವುದು ವಿಧಿಬರಹ ಅಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಅಮೆರಿಕದ ಲೂಸಿಯಾನಾದ ಬೊಗಲೂಸಾ ಎಂಬ ಊರಿನಲ್ಲಿ 1970ರ ದಶಕದಿಂದ ಮಕ್ಕಳನ್ನು ಹಿಂಬಾಲಿಸಿ ನಡೆದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇರೆ ಕಾರಣಗಳಿಂದ ಎಳೆಯ ವಯಸ್ಸಿನಲ್ಲೇ ತೀರಿಕೊಂಡವರ ನಾಳಗಳನ್ನು, ಅವರು ಬದುಕಿದ್ದಾಗ ಬರೆದಿಟ್ಟ ತೂಕ, ಬಿಪಿ, ಕೊಬ್ಬಿನ ಅಂಕಿಗಳ ಜೊತೆ ಹೋಲಿಸಿ ನೋಡಿದರು. ಅಪಾಯದ ಅಂಶ ಒಂದೂ ಇಲ್ಲದವರಿಗಿಂತ ಮೂರು ನಾಲ್ಕು ಇದ್ದವರ ಹೃದಯದ ನಾಳದ ಒಳಗೋಡೆಯಲ್ಲಿ ಕೊಬ್ಬಿನ ಪಟ್ಟೆ ಎಷ್ಟೋ ಪಟ್ಟು ಹೆಚ್ಚು ಜಾಗ ಹಿಡಿದಿತ್ತು. ಆದ್ದರಿಂದ "ನನಗೆ ಸ್ವಲ್ಪ ಬಿಪಿ ಇದೆ ಅಷ್ಟೇ, ಸ್ವಲ್ಪ ಹೊಟ್ಟೆ ಇದೆ ಅಷ್ಟೇ, ದಿನಕ್ಕೆ ಎರಡು ಸಿಗರೇಟು ಅಷ್ಟೇ" ಎಂದು ಒಂದೊಂದನ್ನೇ ಬಿಡಿಯಾಗಿ ತೂಗಬೇಡಿ. ಸಣ್ಣ ಸಣ್ಣ ಮೂರು ಸೇರಿದಾಗ ಪರಿಣಾಮ ಸಣ್ಣದಾಗಿ ಉಳಿಯುವುದಿಲ್ಲ.

ಇಲ್ಲೊಂದು ತಾಂತ್ರಿಕ ಅಂಶವಿದೆ. ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಹೃದಯದ ಅಪಾಯ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ನೋಡಿರುತ್ತೀರಿ. ವೈದ್ಯರು ಬಳಸುವ ಇಂಥ ಸೂತ್ರಗಳು ಮುಂದಿನ ಹತ್ತು ವರ್ಷದ ಅಪಾಯವನ್ನು ಹೇಳುತ್ತವೆ, ಶುರುವಾಗುವುದೇ ಮೂವತ್ತು ಅಥವಾ ನಲವತ್ತರಿಂದ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಬೀಳುವುದು ವಯಸ್ಸಿಗೆ. ಇಪ್ಪತ್ತರ ಹುಡುಗ ಸಿಗರೇಟು ಸೇದಲಿ, ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ 170 ಇರಲಿ, ಹತ್ತು ವರ್ಷದ ಅಪಾಯ ಕಡಿಮೆಯೇ. ಅದು ನಿಜವೂ ಹೌದು. ಆದರೆ ನಾಳಕ್ಕೆ ಆಗುವ ಹಾನಿ ಕೊಲೆಸ್ಟರಾಲ್ ಎಷ್ಟಿದೆ ಎಂಬುದರ ಜೊತೆಗೆ ಅದು ಎಷ್ಟು ವರ್ಷ ಹಾಗಿತ್ತು ಎಂಬುದರ ಮೇಲೂ ನಿಂತಿದೆ. ಸಾಲದ ಬಡ್ಡಿಯ ಹಾಗೆ, ಮೊತ್ತದಷ್ಟೇ ಅವಧಿಯೂ ಮುಖ್ಯ. ಇಪ್ಪತ್ತರಲ್ಲಿ ಇಳಿಸಿದ ಎಲ್‌ಡಿಎಲ್‌ನಿಂದ ಸಿಗುವ ಲಾಭ ಐವತ್ತರಲ್ಲಿ ಅಷ್ಟೇ ಇಳಿಸಿದರೆ ಸಿಗುವುದಿಲ್ಲ.

ನಮ್ಮ ಕಡೆಯವರಿಗೆ ಈ ಅವಧಿ ಇನ್ನೂ ಕಿರಿದು. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಜಗತ್ತಿನ ಹೃದಯಾಘಾತಗಳ ಬಹುಪಾಲನ್ನು ತಂಬಾಕು, ಕೊಬ್ಬಿನ ಏರುಪೇರು, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡದಂಥ ಒಂಬತ್ತೇ ಅಂಶಗಳು ವಿವರಿಸುತ್ತವೆ ಎಂದು ತೋರಿಸಿತು. ಅದೇ ಮಾಹಿತಿಯಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ರಲ್ಲಿ ಆಗಿದ್ದರೆ ಉಳಿದ ದೇಶದವರಿಗೆ ಸುಮಾರು 59ರಲ್ಲಿ. ಕಾರಣ ನಮ್ಮ ರಕ್ತದಲ್ಲಿ ಅಡಗಿದ ಯಾವುದೋ ಗುಟ್ಟಲ್ಲ. ಇದೇ ಅಂಶಗಳು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಬಂದು ಕೂತಿರುತ್ತವೆ.

ಮೊದಲು ತಂಬಾಕು. ಎಳೆಯರ ಹೃದಯಾಘಾತದ ವಿಷಯದಲ್ಲಿ ಒಂದೇ ಒಂದನ್ನು ಆರಿಸಿ ಮಾತಾಡಿ ಎಂದರೆ ಇದನ್ನೇ ಆರಿಸುತ್ತೇನೆ. ಹೊಗೆ ನಾಳದ ಒಳಪದರವನ್ನು ಕೆಡಿಸುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳು ಸುಲಭವಾಗಿ ಅಂಟಿಕೊಳ್ಳುವಂತೆ ಮಾಡುತ್ತದೆ, ನಾಳವನ್ನು ಬಿಗಿಸುತ್ತದೆ, ಒಳ್ಳೆಯ ಕೊಬ್ಬಾದ ಎಚ್‌ಡಿಎಲ್ ಅನ್ನು ಇಳಿಸುತ್ತದೆ. ಹೆಪ್ಪುಗಟ್ಟುವ ಗುಣ ಹೆಚ್ಚುವುದೇ ಎಳೆಯರಿಗೆ ಮಾರಕ. ಕೊಬ್ಬಿನ ಗಂಟು ಸಣ್ಣದಿದ್ದರೂ ಅದರ ಮೇಲೆ ಹೆಪ್ಪು ದೊಡ್ಡದಾಗಿ ಕಟ್ಟುತ್ತದೆ.

"ದಿನಕ್ಕೆ ಒಂದೇ, ಚಹಾದ ಜೊತೆ" ಎನ್ನುವವರಿಗೆ ವಿಶೇಷವಾಗಿ ಹೇಳಬೇಕು. ದಿನಕ್ಕೆ ಒಂದು ಸೇದುವವನಿಗೆ ಇಪ್ಪತ್ತು ಸೇದುವವನ ಅಪಾಯದ ಇಪ್ಪತ್ತನೇ ಒಂದು ಭಾಗ ಇರಬೇಕೆಂದು ತೋರುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಆ ಲೆಕ್ಕ ಹತ್ತಿರ ಹತ್ತಿರ ಸರಿ. ಹೃದಯಕ್ಕೆ ಸರಿಯಲ್ಲ. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಒಂದೇ ಸಿಗರೇಟು ಸೇದುವ ಗಂಡಸರಿಗೆ, ಇಪ್ಪತ್ತು ಸೇದುವವರಿಗೆ ಬರುವ ಹೆಚ್ಚುವರಿ ಅಪಾಯದ ಅರ್ಧದಷ್ಟು ಆಗಲೇ ಬಂದಿರುತ್ತದೆ ಎಂದು ಕಂಡಿತು. ಅಂದರೆ ಕಡಿಮೆ ಮಾಡಿದ್ದರಿಂದ ಹೃದಯಕ್ಕೆ ಹೆಚ್ಚು ಉಪಯೋಗವಿಲ್ಲ, ಬಿಟ್ಟರೆ ಮಾತ್ರ ಉಂಟು. ಬಿಟ್ಟು ಒಂದು ವರ್ಷ ಕಳೆಯುವಷ್ಟರಲ್ಲಿ ಹೆಚ್ಚುವರಿ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಗುಟ್ಕಾ, ಖೈನಿಯಲ್ಲಿ ಹೊಗೆ ಇಲ್ಲ ನಿಜ, ನಿಕೋಟಿನ್ ಇದೆ. ಬಾಯಿಯ ಪೊರೆಯಿಂದ ನಿಧಾನವಾಗಿ ಇಳಿದು ಬಹಳ ಹೊತ್ತು ನಾಡಿ ಮತ್ತು ಬಿಪಿಯನ್ನು ಏರಿಸಿ ಇಟ್ಟಿರುತ್ತದೆ. ಹುಕ್ಕಾ ನೀರಿನಲ್ಲಿ ಶುದ್ಧವಾಗಿ ಬರುತ್ತದೆ ಎಂಬ ನಂಬಿಕೆ ತಪ್ಪು, ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ನಿಲ್ಲುವುದಿಲ್ಲ. ಇ-ಸಿಗರೇಟು ಮಾರಾಟ ದೇಶದಲ್ಲೇ 2019ರಿಂದ ನಿಷಿದ್ಧ. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಿಕ್ಷಣ ಸಂಸ್ಥೆಗಳ ನೂರು ಮೀಟರ್ ಸುತ್ತಳತೆಯೊಳಗೆ ಯಾರಿಗೂ ಮಾರುವಂತಿಲ್ಲ, ಬಿಡಿ ಸಿಗರೇಟೂ ಮಾರುವಂತಿಲ್ಲ. ಇಲ್ಲಿ ಕೂತಿರುವ ಪ್ರಾಂಶುಪಾಲರು, ವಾರ್ಡನ್‌ಗಳು ಕಾಲೇಜಿನ ಗೇಟಿನಿಂದ ನೂರು ಮೀಟರ್ ನಡೆದು ನೋಡಬೇಕು. ವಿದ್ಯಾರ್ಥಿಗೆ ದಂಡ ಹಾಕುವುದಕ್ಕಿಂತ ಆ ಗೂಡಂಗಡಿ ಅಲ್ಲಿಂದ ಎದ್ದರೆ ಹೆಚ್ಚು ಕೆಲಸ ಆಗುತ್ತದೆ.

ಬಿಡಬೇಕು ಎನ್ನುವವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಬಿಟ್ಟ ಮೊದಲ ಮೂರು ದಿನ ಸಿಡಿಮಿಡಿ, ತಲೆನೋವು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಜೋರಾಗಿರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಹಾಗಾಗಿ ಪರೀಕ್ಷೆಯ ಹಿಂದಿನ ವಾರ ಬಿಡುವ ದಿನ ಇಟ್ಟುಕೊಳ್ಳಬೇಡಿ, ಸೆಮಿಸ್ಟರ್ ರಜೆಯ ಮೊದಲ ದಿನ ಇಟ್ಟುಕೊಳ್ಳಿ. ಸೇದುವ ಗೆಳೆಯರಿಂದ ಆಗ ಸಹಜವಾಗಿಯೇ ದೂರ ಇರುತ್ತೀರಿ.

ಇನ್ನು ಬಿಪಿ. ಕಾಲೇಜುಗಳ ಆರೋಗ್ಯ ಶಿಬಿರಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಅಳೆಯುವುದು ಇದನ್ನೇ. ಹುಡುಗ ಮೂರು ಮಹಡಿ ಹತ್ತಿ ಬಂದಿರುತ್ತಾನೆ, ಸಾಲಿನಲ್ಲಿ ನಿಂತು ಗೆಳೆಯರ ಜೊತೆ ಮಾತಾಡುತ್ತಿರುತ್ತಾನೆ, ಬೆನ್ನಿಗೆ ಆಸರೆ ಇಲ್ಲದ ಸ್ಟೂಲಿನ ಮೇಲೆ ಕೂರಿಸಿ, ಶರ್ಟಿನ ತೋಳಿನ ಮೇಲೇ ಪಟ್ಟಿ ಸುತ್ತಿ, ಒಂದೇ ಸಲ ನೋಡಿ 146/92 ಎಂದು ಬರೆದುಕೊಡುತ್ತಾರೆ. ಆ ಅಂಕಿಗೆ ಬೆಲೆ ಇಲ್ಲ.

ಸರಿಯಾಗಿ ಅಳೆಯುವುದು ಹೀಗೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಚಹಾ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ, ಮೂತ್ರಕೋಶ ತುಂಬಿದ್ದರೆ ಬಿಪಿ ಏರುತ್ತದೆ. ಬೆನ್ನು ಕುರ್ಚಿಗೆ ಒರಗಿರಲಿ, ಎರಡೂ ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ಮನೆ ಕೂತಿರಿ. ತೋಳು ಬರಿದಾಗಿರಲಿ, ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಇರಲಿ. ತೋಳು ಕೆಳಗೆ ಜೋತಾಡಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಅಳೆಯುವಾಗ ಮಾತು ಬೇಡ, ಮಾತೊಂದರಿಂದಲೇ ಹತ್ತು ಅಂಕಿಯಷ್ಟು ಹೆಚ್ಚಾಗಬಹುದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡರ ಸರಾಸರಿ ಬರೆಯಿರಿ.

ಪಟ್ಟಿಯ ಅಳತೆಯ ಕಡೆಗೂ ಗಮನ ಇರಲಿ. ಒಳಗಿನ ಗಾಳಿಯ ಚೀಲ ತೋಳಿನ ಸುತ್ತಳತೆಯ ನೂರಕ್ಕೆ 80 ಭಾಗವಾದರೂ ಸುತ್ತಬೇಕು. ಸಾಮಾನ್ಯ ಪಟ್ಟಿ ಸುಮಾರು 27ರಿಂದ 34 ಸೆಂ.ಮೀ. ತೋಳಿಗೆ ಸರಿಹೋಗುತ್ತದೆ. ಜಿಮ್ ಮಾಡಿದ 36 ಸೆಂ.ಮೀ. ತೋಳಿಗೆ ಅದನ್ನೇ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ. ಸಣಕಲು ತೋಳಿನ ಹುಡುಗಿಗೆ ಅದೇ ಪಟ್ಟಿ ಸುತ್ತಿದರೆ ಇರುವ ಬಿಪಿ ಮರೆಯಾಗುತ್ತದೆ. ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಯಂತ್ರ ಕೊಳ್ಳುವಾಗ ಮೂರು ಅಳತೆಯ ಪಟ್ಟಿ ಕೊಳ್ಳಿ, ಬೆರಳಿಗೆ ಅಥವಾ ಮಣಿಕಟ್ಟಿಗೆ ಹಾಕುವ ಯಂತ್ರ ಬೇಡ.

ಹೀಗೆ ಬೇರೆ ಬೇರೆ ದಿನ ಎರಡು ಮೂರು ಸಲ ನೋಡಿದಾಗಲೂ 140/90 ಅಥವಾ ಹೆಚ್ಚಿದ್ದರೆ ಅದು ಬಿಪಿ ಕಾಯಿಲೆ. 130/85 ದಾಟಿದ್ದರೆ ವರ್ಷಕ್ಕೊಮ್ಮೆಯಾದರೂ ತಪ್ಪದೆ ನೋಡಬೇಕು. ಇಪ್ಪತ್ತರ ಹುಡುಗನಿಗೆ ನಿಜವಾಗಿ ಬಿಪಿ ಇದೆ ಎಂದಾದರೆ ಮಾತ್ರೆ ಬರೆದು ಕಳಿಸಿದರೆ ಸಾಲದು, ಕಾರಣ ಹುಡುಕಬೇಕು. ಮೂತ್ರಪಿಂಡದ ತೊಂದರೆ, ಥೈರಾಯ್ಡ್, ಹುಟ್ಟಿನಿಂದಲೇ ಮಹಾಪಧಮನಿ ಒಂದು ಕಡೆ ಕಿರಿದಾಗಿರುವುದು, ಇವನ್ನೆಲ್ಲ ನೋಡಬೇಕು. ಮೂತ್ರ ಪರೀಕ್ಷೆ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ, ಎರಡೂ ತೋಳಿನ ಬಿಪಿ, ಕಾಲಿನ ನಾಡಿ, ಇಷ್ಟರಿಂದ ಶುರು ಮಾಡುತ್ತಾರೆ. ನೀವು ನುಂಗುತ್ತಿರುವುದನ್ನೂ ಮುಚ್ಚಿಡದೆ ಹೇಳಿ. ನೋವಿನ ಮಾತ್ರೆ, ಕಟ್ಟಿದ ಮೂಗಿಗೆ ನುಂಗುವ ಶೀತದ ಮಾತ್ರೆ, ಗರ್ಭನಿರೋಧಕ ಮಾತ್ರೆ, ಸ್ಟೆರಾಯ್ಡ್ ಎಲ್ಲವೂ ಬಿಪಿ ಏರಿಸಬಲ್ಲವು.

ಇಲ್ಲಿ ಜಿಮ್ಮಿನ ಮಾತು ಬಂತು. ಪ್ರೋಟೀನ್ ಪುಡಿಯ ಬಗ್ಗೆ ನನಗೆ ತಕರಾರಿಲ್ಲ, ಮೊಟ್ಟೆ, ಕಾಳು, ಹಾಲಿನಿಂದ ಅಗ್ಗವಾಗಿ ಸಿಗುವುದಕ್ಕೆ ದುಬಾರಿ ದುಡ್ಡು ಕೊಡುತ್ತೀರಿ ಅಷ್ಟೇ. ತಕರಾರಿರುವುದು ಕಟ್ಟುಮಸ್ತಾಗಲು ಚುಚ್ಚಿಕೊಳ್ಳುವ ಟೆಸ್ಟೊಸ್ಟೆರಾನ್ ಮಾದರಿಯ ಸ್ಟೆರಾಯ್ಡ್‌ಗಳ ಬಗ್ಗೆ. ಅವು ಎಚ್‌ಡಿಎಲ್ ಅನ್ನು ನೆಲಕಚ್ಚಿಸುತ್ತವೆ, ಎಲ್‌ಡಿಎಲ್ ಏರಿಸುತ್ತವೆ, ರಕ್ತವನ್ನು ಗಟ್ಟಿ ಮಾಡುತ್ತವೆ, ಹೃದಯದ ಗೋಡೆಯನ್ನು ದಪ್ಪಗೊಳಿಸುತ್ತವೆ. ಇಪ್ಪತ್ತೈದರೊಳಗಿನ ಹೃದಯಾಘಾತಕ್ಕೆ ಬೇರೆ ಕಾರಣ ಸಿಗದಿದ್ದಾಗ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ಸೊಂಟ ಅಳೆಯುವ ಟೇಪಿನ ವಿಷಯಕ್ಕೆ ಬರೋಣ. "ನಾನು ತೆಳ್ಳಗಿದ್ದೇನೆ" ಎಂಬುದು ನಮ್ಮವರಲ್ಲಿ ನಂಬುವ ಮಾತಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೊ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2. ನಮ್ಮ ಮೈಕಟ್ಟಿನಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೊಟ್ಟೆಯೊಳಗೆ ಕೂರುವುದು ಹೆಚ್ಚು. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಅದಕ್ಕಿಂತ ಮುಖ್ಯ ಸೊಂಟದ ಸುತ್ತಳತೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಪ್ಯಾಂಟಿನ ಸೈಜು ನೋಡಿ ಹೇಳಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ಕೂತಿರುತ್ತದೆ. ಕೊನೆಯ ಪಕ್ಕೆಲುಬಿನ ಕೆಳ ಅಂಚು, ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುಮಧ್ಯೆ ಬರಿಮೈ ಮೇಲೆ ಟೇಪು ಹಿಡಿದು, ಹೊಟ್ಟೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ನೋಡಿ.

ರಕ್ತ ಪರೀಕ್ಷೆಯಲ್ಲಿ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಅಂಕಿಗಳ ಪರೀಕ್ಷೆ, ಒಂದನ್ನು ಹದಿನೆಂಟು ತುಂಬಿದ ಮೇಲೆ ಒಮ್ಮೆ ಮಾಡಿಸಿ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಖಾಲಿ ಹೊಟ್ಟೆಯೇ ಆಗಬೇಕೆಂದಿಲ್ಲ. ಜ್ವರ, ಸೋಂಕು ಇದ್ದಾಗ ಬೇಡ, ಆಗ ಕೊಲೆಸ್ಟರಾಲ್ ತಾತ್ಕಾಲಿಕವಾಗಿ ಇಳಿದಿರುತ್ತದೆ.

ವರದಿ ಓದುವುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಒಟ್ಟು ಕೊಲೆಸ್ಟರಾಲ್ 196, ಎಚ್‌ಡಿಎಲ್ 34, ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 210. ಒಟ್ಟು 200ರ ಒಳಗಿದೆ ಎಂದು ಎಲ್ಲರೂ ಸಮಾಧಾನ ಪಡುತ್ತಾರೆ. ಲ್ಯಾಬಿನವರು ಎಲ್‌ಡಿಎಲ್ ಅನ್ನು ಹಲವು ಸಲ ನೇರವಾಗಿ ಅಳೆಯದೆ ಲೆಕ್ಕ ಹಾಕಿರುತ್ತಾರೆ: ಒಟ್ಟಿನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಬೇಕು. 196ರಲ್ಲಿ 34 ಹೋಗಿ 162, ಅದರಲ್ಲಿ 42 ಹೋಗಿ 120. ಎಲ್‌ಡಿಎಲ್ 100ರ ಒಳಗಿದ್ದರೆ ಚೆನ್ನ. ಈಗ ಆ ನಡುವಿನ ಅಂಕಿ 162 ನೋಡಿ. ಒಟ್ಟಿನಲ್ಲಿ ಎಚ್‌ಡಿಎಲ್ ಕಳೆದು ಉಳಿದದ್ದು, ಅಂದರೆ ನಾಳಕ್ಕೆ ಕೆಟ್ಟದ್ದು ಮಾಡುವ ಎಲ್ಲ ಕೊಬ್ಬಿನ ಮೊತ್ತ. ಇದು 130ರ ಒಳಗಿರಬೇಕು. ಈ ಹುಡುಗನಿಗೆ 162 ಇದೆ, ಎಚ್‌ಡಿಎಲ್ ಗಂಡಸರಿಗೆ ಇರಬೇಕಾದ 40ಕ್ಕಿಂತ ಕೆಳಗಿದೆ, ಟ್ರೈಗ್ಲಿಸರೈಡ್ 150 ದಾಟಿದೆ. ಹೆಂಗಸರಾದರೆ ಎಚ್‌ಡಿಎಲ್ 50ರ ಮೇಲಿರಬೇಕು. ಒಟ್ಟು 196 ಎಂಬ ಒಳ್ಳೆಯ ಅಂಕಿಯ ಹಿಂದೆ ನಮ್ಮ ನಾಡಿನ ಅತಿ ಸಾಮಾನ್ಯ ತೊಂದರೆ ಅಡಗಿತ್ತು. ಇದಕ್ಕೆ ಈ ವಯಸ್ಸಿನಲ್ಲಿ ಬಹುತೇಕ ಮಾತ್ರೆ ಬೇಕಿಲ್ಲ. ಸಕ್ಕರೆ, ಮೈದಾ, ಕುಡಿತ ಇಳಿಸಿ, ಹೊಟ್ಟೆ ಕರಗಿಸಿದರೆ ಟ್ರೈಗ್ಲಿಸರೈಡ್ ಮೂರು ತಿಂಗಳಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಮಾತ್ರೆ ಬೇಕಾಗುವವರು ಬೇರೆ. ಎಲ್‌ಡಿಎಲ್ 190 ಅಥವಾ ಹೆಚ್ಚಿದ್ದರೆ ಅದು ಬೋಂಡಾ ತಿಂದು ಬಂದದ್ದಲ್ಲ, ವಂಶದಲ್ಲಿ ಬಂದಿರುವ ಸಾಧ್ಯತೆ ದೊಡ್ಡದು. ಸುಮಾರು 250 ಜನರಲ್ಲಿ ಒಬ್ಬರಿಗೆ ಈ ಅನುವಂಶಿಕ ತೊಂದರೆ ಇರುತ್ತದೆ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿರುವುದು, ಬೆರಳ ಗೆಣ್ಣಿನ ಮೇಲೆ ಹಳದಿ ಗಂಟು, ಕಣ್ಣಾಲಿಯ ಸುತ್ತ ಬಿಳಿ ಉಂಗುರ ಎಳೆಯ ವಯಸ್ಸಿಗೇ ಕಂಡರೆ ಇದನ್ನು ನೆನೆಯಿರಿ. ಇವರಿಗೆ ಪಥ್ಯವೊಂದೇ ಸಾಲದು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕು. ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಪರೀಕ್ಷೆ ಆಗಬೇಕು.

ಲಿಪೊಪ್ರೋಟೀನ್-ಎ ಎಂಬ ಇನ್ನೊಂದು ಕೊಬ್ಬಿದೆ. ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ಅದು ಇರುವುದಿಲ್ಲ, ಬೇರೆಯಾಗಿ ಕೇಳಬೇಕು. ಅದು ಎಷ್ಟಿರಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ವಂಶವಾಹಿ, ಆದ್ದರಿಂದ ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು. 50 ಮಿ.ಗ್ರಾಂ ದಾಟಿದ್ದರೆ, ಅದನ್ನು ಇಳಿಸುವುದು ಕಷ್ಟವಾದರೂ, ಉಳಿದ ಅಂಕಿಗಳಲ್ಲಿ ಹೆಚ್ಚು ಬಿಗಿಯಾಗಿರಬೇಕೆಂದು ಗೊತ್ತಾಗುತ್ತದೆ. ಎಲ್ಲರಿಗೂ ಈಗಲೇ ಅವಸರವಿಲ್ಲ, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದರೆ ಮೊದಲು ಮಾಡಿಸಿ.

ಆ ಮನೆಯ ವಿಚಾರ ದುಡ್ಡಿಲ್ಲದೆ ಆಗುವ ಪರೀಕ್ಷೆ. ಈ ವಾರ ಮನೆಗೆ ಫೋನ್ ಮಾಡಿದಾಗ ಕೇಳಿ. "ಯಾರಿಗಾದರೂ ಹಾರ್ಟ್ ಪ್ರಾಬ್ಲಂ ಇತ್ತಾ?" ಎಂದು ಕೇಳಿದರೆ "ಇಲ್ಲಪ್ಪ" ಎನ್ನುತ್ತಾರೆ. ಬಿಡಿಸಿ ಕೇಳಬೇಕು. ಅಪ್ಪನಿಗೋ ಅಣ್ಣನಿಗೋ 55ರೊಳಗೆ, ಅಮ್ಮನಿಗೋ ಅಕ್ಕನಿಗೋ 65ರೊಳಗೆ ಸ್ಟೆಂಟ್, ಬೈಪಾಸ್, ಹೃದಯಾಘಾತ ಆಗಿತ್ತೇ? ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಯಾರಾದರೂ ಮಲಗಿದಲ್ಲೇ ಹೋದರೇ, ಆಗ ಎಷ್ಟು ವಯಸ್ಸು? "ಗ್ಯಾಸ್ಟ್ರಿಕ್ ಜಾಸ್ತಿಯಾಗಿ ಹೋದ" ಎಂದು ಹೇಳುವ ಸಾವುಗಳಲ್ಲಿ ಕೆಲವು ಹೃದಯದ್ದಿರುತ್ತವೆ. ಉತ್ತರವನ್ನು ಬರೆದಿಟ್ಟುಕೊಳ್ಳಿ.

ಸಕ್ಕರೆ ಬಗ್ಗೆ ಚುಟುಕಾಗಿ. ಸೊಂಟ ಮಿತಿ ದಾಟಿದ್ದರೆ, ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ, ಕುತ್ತಿಗೆಯ ಹಿಂದೆ ಕಪ್ಪು ದಪ್ಪ ಚರ್ಮ ಇದ್ದರೆ ಪರೀಕ್ಷಿಸಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಮಧುಮೇಹದ ಹೊಸ್ತಿಲು, 126 ಮತ್ತು ಮೇಲೆ ಮಧುಮೇಹ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಒಂದನ್ನೇ ನೋಡುವುದಾದರೆ ಎಚ್ಚರ: ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದಾಗ ಅದು ಸುಳ್ಳಾಗಿ ಹೆಚ್ಚು ತೋರಿಸಬಹುದು, ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ನಿಮಗೇ ಗೊತ್ತು. ಮುಟ್ಟು ಏರುಪೇರಾಗಿ ಪಿಸಿಒಎಸ್ (ಅಂಡಾಶಯ, ಹಾರ್ಮೋನುಗಳ ತೊಂದರೆ) ಎಂದು ಹೇಳಿಸಿಕೊಂಡವರು ಅದನ್ನು ಸ್ತ್ರೀರೋಗದ ವಿಷಯ ಎಂದಷ್ಟೇ ಬಿಡಬೇಡಿ. ಅದರ ಬೇರಿನಲ್ಲಿ ಇನ್ಸುಲಿನ್ ಕೆಲಸ ಮಾಡದಿರುವ ತೊಂದರೆ ಇದೆ, ಸಕ್ಕರೆ, ಬಿಪಿ, ಲಿಪಿಡ್ ಮೂರನ್ನೂ ನೋಡಿಸಿ. ಹೃದಯಾಘಾತ ಗಂಡಸರ ಕಾಯಿಲೆ ಎಂಬ ನಂಬಿಕೆಯಿಂದ ಎದೆನೋವು ಬಂದ ಹೆಂಗಸರು ತಡವಾಗಿ ಆಸ್ಪತ್ರೆ ಮುಟ್ಟುತ್ತಾರೆ.

ಮೆಸ್ಸಿನ ಊಟಕ್ಕೆ ಬರೋಣ. ತೊಂದರೆ ಅನ್ನದಲ್ಲಿಲ್ಲ, ಅನುಪಾತದಲ್ಲಿದೆ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ತಟ್ಟೆ ತುಂಬ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ, ಕಾಳು ತರಕಾರಿ ಸೌಟಿನ ತಳದಲ್ಲಿ. ಮೆಸ್ ಸಮಿತಿಯಲ್ಲಿರುವವರು ಒಂದು ಬದಲಾವಣೆ ಕೇಳಿ: ದಿನಕ್ಕೊಮ್ಮೆ ಹುರುಳಿ, ಹೆಸರು, ಅಲಸಂದೆ, ಕಡಲೆ ಯಾವುದಾದರೊಂದರ ಉಸಲಿ ಅಥವಾ ಗಟ್ಟಿ ಸಾರು, ಜೊತೆಗೆ ಕೋಸಂಬರಿ. ರಾಗಿ ಮುದ್ದೆ, ಜೋಳದ ರೊಟ್ಟಿ ಇರುವ ಕಡೆ ಬಿಡಬೇಡಿ. ದಿನಕ್ಕೆ ತರಕಾರಿ ಹಣ್ಣು ಸೇರಿ 400 ಗ್ರಾಂ ಆಗಬೇಕು.

ಉಪ್ಪು ದಿನಕ್ಕೆ 5 ಗ್ರಾಂ, ಒಂದು ಟೀ ಚಮಚೆಯಷ್ಟು. ಪ್ಯಾಕೆಟ್ಟಿನ ಮೇಲೆ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ, ಅದೂ 100 ಗ್ರಾಂಗೆ. ರಾತ್ರಿ ಹನ್ನೊಂದಕ್ಕೆ ಕೆಟಲಿನಲ್ಲಿ ಮಾಡುವ ನೂಡಲ್ಸ್ ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ 1,200 ಮಿ.ಗ್ರಾಂ ಸೋಡಿಯಂ ಎಂದಿದ್ದರೆ, 70 ಗ್ರಾಂ ಪ್ಯಾಕೆಟ್ಟಿನಲ್ಲಿ 840. ಅದನ್ನು ಎರಡೂವರೆಯಿಂದ ಗುಣಿಸಿದರೆ 2,100 ಮಿ.ಗ್ರಾಂ ಉಪ್ಪು. ದಿನದ ಪಾಲಿನ ನೂರಕ್ಕೆ 42 ಒಂದೇ ಬಟ್ಟಲಿನಲ್ಲಿ ಹೋಯಿತು. ಮಸಾಲೆ ಪುಡಿ ಅರ್ಧ ಹಾಕಿದರೆ ಸೋಡಿಯಂ ಗಣನೀಯವಾಗಿ ಇಳಿಯುತ್ತದೆ.

ಕ್ಯಾಂಪಸ್ಸಿನ ಹೊರಗಿನ ಗೋಬಿ ಮಂಚೂರಿ, ಬಜ್ಜಿಯಲ್ಲಿ ಕರಿದ ಎಣ್ಣೆಯದೇ ಚಿಂತೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆದು ಹಾನಿಕರ ವಸ್ತುಗಳಾಗುತ್ತದೆ. ಇವುಗಳ ಪ್ರಮಾಣ ನೂರಕ್ಕೆ 25 ದಾಟಿದ ಎಣ್ಣೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ನೀವು ಕಣ್ಣಲ್ಲೇ ನೋಡಬಹುದು: ಎಣ್ಣೆ ಕಪ್ಪಗಾಗಿ ಮಂದವಾಗಿದ್ದರೆ, ಮೇಲೆ ನೊರೆ ನಿಂತಿದ್ದರೆ, ಕಡಿಮೆ ಉರಿಗೇ ಹೊಗೆ ಬರುತ್ತಿದ್ದರೆ ಅಲ್ಲಿ ತಿನ್ನಬೇಡಿ.

ನಿದ್ದೆ ಏಳು ಗಂಟೆಯಾದರೂ ಬೇಕು. ರಾತ್ರಿ ನಿದ್ದೆಯಲ್ಲಿ ಬಿಪಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯುವುದು ಸಹಜ, ನಿದ್ದೆಗೆಟ್ಟರೆ ನಾಳಗಳಿಗೆ ಆ ವಿರಾಮ ಸಿಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಎನರ್ಜಿ ಡ್ರಿಂಕ್ ಕುಡಿಯುವವರು ಗಮನಿಸಿ, 250 ಮಿ.ಲೀ. ಡಬ್ಬಿಯಲ್ಲಿ ಸುಮಾರು 75 ಮಿ.ಗ್ರಾಂ ಕೆಫೀನ್, ಮೇಲೆ ಸಕ್ಕರೆ. ಎರಡು ಡಬ್ಬಿ, ಮೂರು ಕಾಫಿ, ಮೇಲೊಂದು ಸಿಗರೇಟು ಸೇರಿದರೆ ಎದೆ ಡವಗುಟ್ಟುತ್ತದೆ. ಮದ್ಯದ ಜೊತೆ ಬೆರೆಸುವುದಂತೂ ಬೇಡವೇ ಬೇಡ, ಅಮಲು ಏರಿದ್ದು ಗೊತ್ತಾಗದೆ ಇನ್ನಷ್ಟು ಕುಡಿಯುತ್ತೀರಿ. ಮನಸ್ಸು ತೀರಾ ಕುಗ್ಗಿದ್ದರೆ 14416ಕ್ಕೆ ಕರೆ ಮಾಡಿ, ಟೆಲಿಮಾನಸ್ ಎಂಬ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ನಡಿಗೆ ವಾರಕ್ಕೆ 150 ನಿಮಿಷ, ಏದುಸಿರು ಬರುವ ಆಟವಾದರೆ ಅದರ ಅರ್ಧ ಸಾಕು.

ಜೀವನಶೈಲಿಗೆ ಸಂಬಂಧಿಸದ ಎರಡು ವಿಷಯ ಹೇಳಲೇಬೇಕು. ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೆ ಕೀಲು ಬಾತು, ಹೃದಯದ ಕವಾಟಕ್ಕೆ ತೊಂದರೆಯಾಗಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದವರು ಊರು ಬಿಟ್ಟು ಹಾಸ್ಟೆಲಿಗೆ ಬಂದಾಗ ಅದು ನಿಂತುಹೋಗುವುದುಂಟು. ನಿಲ್ಲಿಸಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ತೋರಿಸಿ ಮುಂದುವರಿಸಿ. ಇನ್ನೊಂದು, ಓಡುವಾಗ ಅಥವಾ ಆಡುವಾಗ ಕಣ್ಣು ಕತ್ತಲಿಟ್ಟು ಬೀಳುವುದು. ಬಿಸಿಲಲ್ಲಿ ಸಾಲಾಗಿ ನಿಂತಾಗ ತಲೆ ಸುತ್ತಿ ಬೀಳುವುದು ಬೇರೆ. ಓಟದ ನಡುವೆಯೇ ಬಿದ್ದವರಿಗೆ ಹೃದಯದ ಸ್ನಾಯು ಹುಟ್ಟಿನಿಂದ ದಪ್ಪಗಿರಬಹುದು, ವಿದ್ಯುತ್ ಹರಿವಿನಲ್ಲಿ ದೋಷ ಇರಬಹುದು. ಇಸಿಜಿ, ಎಕೋ (ಹೃದಯದ ಸ್ಕ್ಯಾನಿಂಗ್) ಆಗಿ ವೈದ್ಯರು ಒಪ್ಪುವ ತನಕ ಮೈದಾನಕ್ಕೆ ಇಳಿಯಬಾರದು. ದೈಹಿಕ ಶಿಕ್ಷಕರೇ, ಇದು ನಿಮ್ಮ ಕೈಯಲ್ಲಿರುವ ಮಾತು.

ಕೊನೆಗೆ ತುರ್ತಿನ ಸಂದರ್ಭ. ಎದೆ ಹಿಂಡಿದಂತೆ, ಭಾರ ಇಟ್ಟಂತೆ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ವಾಕರಿಕೆ. ರೂಂಮೇಟ್ "ಗ್ಯಾಸ್ಟ್ರಿಕ್ ಕಣೋ" ಎನ್ನುತ್ತಾನೆ, ಸೋಡಾ ಕುಡಿಸಿ ಬೆಳಗಾಗಲಿ ಎಂದು ಕಾಯುತ್ತೀರಿ. ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಒಂದನ್ನು ಅಗಿಸಿ. ಬೈಕಿನ ಹಿಂದೆ ಕೂರಿಸಿಕೊಂಡು ದೂರದ ದೊಡ್ಡ ಆಸ್ಪತ್ರೆ ಹುಡುಕಬೇಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲ ಒಂದೆರಡು ಗಂಟೆಯಲ್ಲಿ ಅದು ಮಾಡುವಷ್ಟು ಕೆಲಸ ಆರು ಗಂಟೆ ಕಳೆದ ಮೇಲೆ ಮಾಡುವುದಿಲ್ಲ.

ಕುಸಿದು ಬಿದ್ದು, ಕೂಗಿದರೂ ಅಲುಗಾಡಿಸಿದರೂ ಓಗೊಡದೆ, ಉಸಿರಾಟ ಇಲ್ಲದಿದ್ದರೆ ಅಥವಾ ಬಾಯಿ ಬಿಟ್ಟು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆಯುತ್ತಿದ್ದರೆ, ಅದನ್ನು ಉಸಿರಾಟ ಎಂದು ಎಣಿಸಬೇಡಿ, ಹೃದಯ ನಿಂತಿದೆ ಎಂದೇ ತಿಳಿಯಿರಿ. ಫಿಟ್ಸ್ ಎಂದು ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಹಾಕುವುದು ಬೇಡ. ಒಬ್ಬರು 108ಕ್ಕೆ ಕರೆ ಮಾಡಲಿ, ಒಬ್ಬರು ಗೇಟಿನ ಬಳಿ ನಿಂತು ಆಂಬುಲೆನ್ಸಿಗೆ ದಾರಿ ತೋರಿಸಲಿ, ಕಾಲೇಜಿನಲ್ಲಿ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಇದ್ದರೆ ಒಬ್ಬರು ತರಲಿ. ಅದನ್ನು ಇಟ್ಟ ಕೋಣೆಗೆ ರಾತ್ರಿ ಬೀಗ ಹಾಕಬಾರದು. ಉಳಿದವರು ಅವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ (ಮಣಿಕಟ್ಟಿನ ಹತ್ತಿರದ ಭಾಗ) ಇಟ್ಟು, ಮೇಲೆ ಇನ್ನೊಂದು ಕೈ ಜೋಡಿಸಿ, ಮೊಣಕೈ ಬಾಗಿಸದೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ, ಸುಸ್ತಾದ ಕೈ ಆಳಕ್ಕೆ ಒತ್ತುವುದಿಲ್ಲ. ಅವನು ತಾನಾಗಿ ಉಸಿರಾಡಿ ಕದಲುವ ತನಕ, ಇಲ್ಲವೇ ಆಂಬುಲೆನ್ಸಿನವರು ಬಂದು ಕೈಗೆ ತೆಗೆದುಕೊಳ್ಳುವ ತನಕ ಒತ್ತುತ್ತಲೇ ಇರಿ.